ಜಪಾನಿನ ಬುಲೆಟ್ ರೈಲು: ಹತ್ತುವ ಮೊದಲು ಲೆಕ್ಕ ಹಾಕಿ

ಗಲ್ಫಿನಲ್ಲಿರುವ ನಮಗೆ ರಜೆ ಅಂದರೆ ಊರು. ಸಿಕ್ಕಿದ ಮೂವತ್ತು ದಿನದಲ್ಲಿ ಮದುವೆ, ಮನೆ ರಿಪೇರಿ, ಆಸ್ಪತ್ರೆ, ಬ್ಯಾಂಕು ಎಲ್ಲ ಮುಗಿಸಿ ವಾಪಸ್ ವಿಮಾನ ಹತ್ತಬೇಕು. ಆದರೂ ಈಚೆಗೆ ನಾಲ್ಕೈದು ವರ್ಷ ದುಡ್ಡು ಕೂಡಿಸಿ, ಮಕ್ಕಳಿಗಾಗಿ ಒಂದು ವಾರ ಬೇರೆ ದೇಶ ನೋಡಿಕೊಂಡು ಬರುವ ಕುಟುಂಬಗಳು ನಮ್ಮ ನಡುವೆ ಹೆಚ್ಚಾಗಿವೆ. ಆ ಪಟ್ಟಿಯಲ್ಲಿ ಜಪಾನ್ ಮೇಲೆ ಬರುತ್ತಿದೆ. ಜಪಾನ್ ಅಂದ ಕೂಡಲೇ ಮಕ್ಕಳ ಬಾಯಲ್ಲಿ ಮೊದಲು ಬರುವುದು ಬುಲೆಟ್ ರೈಲು.

ನಾವು ಮೊದಲ ಸಲ ಹೊರಟಾಗ ಟಿಕೆಟ್ ಮಾಡಿಕೊಟ್ಟ ಟ್ರಾವೆಲ್ ಏಜೆಂಟ್ "ಅಲ್ಲಿ ರೈಲು ಭಾರೀ ದುಬಾರಿ, ಈಗಲೇ ರೈಲ್ ಪಾಸ್ ತಗೊಳ್ಳಿ" ಅಂದರು. ಗಂಡ, ಹೆಂಡತಿ, ಎರಡು ಮಕ್ಕಳಿಗೆ ಏಳು ದಿನದ ಪಾಸ್ ತಗೊಂಡೆವು. ಆ ವಾರದಲ್ಲಿ ನಾವು ಬುಲೆಟ್ ರೈಲಿನಲ್ಲಿ ಹೋದದ್ದು ಟೋಕಿಯೊದಿಂದ ಕ್ಯೋಟೊಗೆ ಮತ್ತು ವಾಪಸ್ಸು, ಅಷ್ಟೇ. ಮನೆಗೆ ಬಂದು ಕೂತು ಲೆಕ್ಕ ಹಾಕಿದರೆ 1,500 ದಿರ್ಹಮ್‌ಗಿಂತ ಹೆಚ್ಚು ಸುಮ್ಮನೆ ಹೋಗಿತ್ತು. ಊರಿಗೆ ತಿಂಗಳಿಗೆ ಕಳಿಸುವ ದುಡ್ಡು ಅದು. ತಪ್ಪು ರೈಲಿನದ್ದಲ್ಲ, ಕೇಳಿದವರ ಮಾತನ್ನು ಲೆಕ್ಕ ಹಾಕದೆ ನಂಬಿದ ನಮ್ಮದು.

ಜಪಾನಿನಲ್ಲಿ ಬುಲೆಟ್ ರೈಲು ಹತ್ತುವುದು, ಇಳಿಯುವುದು ಕಷ್ಟವೇ ಅಲ್ಲ. ದುಡ್ಡು ಹೋಗುವುದು, ತಲೆನೋವು ಬರುವುದು ಎಲ್ಲ ಹತ್ತುವ ಮೊದಲೇ. ಯಾವ ಟಿಕೆಟ್, ಯಾವ ದಿನ, ಯಾವ ಊರಿನಲ್ಲಿ ವಿಮಾನ ಇಳಿಯುವುದು, ಎಷ್ಟು ಲಗೇಜು ಅನ್ನುವ ನಾಲ್ಕು ವಿಷಯ ಸರಿ ಮಾಡಿಕೊಂಡರೆ ಉಳಿದದ್ದು ಸಲೀಸು. ಅದಕ್ಕೇ ಈ ಬರಹ.

ಏನಿದು ಶಿಂಕಾನ್‌ಸೆನ್?

ನಾವು ಬುಲೆಟ್ ರೈಲು ಅನ್ನುವುದನ್ನು ಜಪಾನಿನವರು ಶಿಂಕಾನ್‌ಸೆನ್ ಅನ್ನುತ್ತಾರೆ. ಪದದ ಅರ್ಥ "ಹೊಸ ಮುಖ್ಯ ಮಾರ್ಗ". ಹಳೆಯ ಹಳಿಗಳ ಮೇಲೆ ವೇಗದ ರೈಲು ಓಡಿಸದೆ, ಅದಕ್ಕೆಂದೇ ಬೇರೆ ಹಳಿ ಹಾಕಿದರು. ಈ ಮಾರ್ಗದಲ್ಲಿ ಲೆವೆಲ್ ಕ್ರಾಸಿಂಗ್ ಇಲ್ಲ, ಗೂಡ್ಸ್ ರೈಲು ಅಡ್ಡ ಬರುವುದಿಲ್ಲ. ವೇಗ ಮತ್ತು ಸಮಯಪಾಲನೆ ಎರಡರ ಗುಟ್ಟೂ ಅಲ್ಲೇ ಇರುವುದು.

ಮೊದಲ ಮಾರ್ಗ ಟೋಕಿಯೊ ಮತ್ತು ಒಸಾಕಾ ನಡುವೆ 1964ರ ಅಕ್ಟೋಬರ್ 1ರಂದು ಶುರುವಾಯಿತು. ಟೋಕಿಯೊ ಒಲಿಂಪಿಕ್ಸ್‌ಗೆ ಆಗ ಒಂಬತ್ತು ದಿನ ಬಾಕಿ ಇತ್ತು. ಯುದ್ಧದಲ್ಲಿ ಸೋತು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಕಟ್ಟಲು ವಿಶ್ವ ಬ್ಯಾಂಕಿನಿಂದ 8 ಕೋಟಿ ಡಾಲರ್ ಸಾಲ ತಗೊಂಡಿದ್ದರು. ಖರ್ಚು ಅಂದಾಜು ಮೀರಿದ್ದಕ್ಕೆ ರೈಲ್ವೆಯ ಅಧ್ಯಕ್ಷ ಶಿಂಜಿ ಸೊಗೊ, ಮುಖ್ಯ ಎಂಜಿನಿಯರ್ ಹಿಡಿಯೊ ಶಿಮಾ ಇಬ್ಬರೂ ಉದ್ಘಾಟನೆಗೆ ಮೊದಲೇ ಹುದ್ದೆ ಬಿಟ್ಟಿದ್ದರು. ಅಂದು ಗಂಟೆಗೆ 210 ಕಿ.ಮೀ. ವೇಗದಲ್ಲಿ ಓಡಿದ ರೈಲು ಇಂದು ಅದೇ ಮಾರ್ಗದಲ್ಲಿ 285 ಕಿ.ಮೀ., ಉತ್ತರದ ತೊಹೊಕು ಮಾರ್ಗದಲ್ಲಿ 320 ಕಿ.ಮೀ. ವೇಗದಲ್ಲಿ ಓಡುತ್ತದೆ. ಅರವತ್ತು ವರ್ಷದಲ್ಲಿ ಹಳಿ ತಪ್ಪಿಯೋ ಡಿಕ್ಕಿಯಾಗಿಯೋ ಒಬ್ಬ ಪ್ರಯಾಣಿಕನೂ ಸತ್ತಿಲ್ಲ. ಭೂಕಂಪದ ಮೊದಲ ಅಲೆ ಸಿಕ್ಕಿದ ಕೂಡಲೇ ರೈಲುಗಳು ತಾವಾಗಿಯೇ ನಿಲ್ಲುವ ವ್ಯವಸ್ಥೆ ಉಂಟು.

ಸೌದಿಯಲ್ಲಿರುವವರಿಗೆ ಹೋಲಿಕೆ ಸುಲಭ. ಮಕ್ಕಾ ಮತ್ತು ಮದೀನಾ ನಡುವೆ 2018ರಿಂದ ಓಡುತ್ತಿರುವ ಹರಮೈನ್ ರೈಲಿನ ಗರಿಷ್ಠ ವೇಗ 300 ಕಿ.ಮೀ. ಅದರಲ್ಲಿ ಕೂತವರಿಗೆ ವೇಗ ಹೊಸದಲ್ಲ. ಟೋಕಿಯೊದಲ್ಲಿ ಹೊಸದು ಅನ್ನಿಸುವುದು ರೈಲುಗಳ ಸಂಖ್ಯೆ. ಜನ ಹೆಚ್ಚಿರುವ ಹೊತ್ತಿನಲ್ಲಿ ಒಸಾಕಾ ಕಡೆಗೆ ಗಂಟೆಗೆ 12ರವರೆಗೆ ಬರೀ ನೊಜೊಮಿ ರೈಲುಗಳೇ ಹೊರಡುತ್ತವೆ. ಒಂದೊಂದೂ 16 ಬೋಗಿ, ಉದ್ದ ಸುಮಾರು 400 ಮೀಟರ್, 1,300ಕ್ಕೂ ಹೆಚ್ಚು ಸೀಟು. ನಮ್ಮ ದೇಶದಲ್ಲಿ ಮುಂಬಯಿ ಮತ್ತು ಅಹಮದಾಬಾದ್ ನಡುವೆ ಕಟ್ಟುತ್ತಿರುವ 508 ಕಿ.ಮೀ. ಮಾರ್ಗಕ್ಕೆ ಜಪಾನಿನ ಸಾಲವೂ ತಂತ್ರಜ್ಞಾನವೂ ಇದೆ. ಟೋಕಿಯೊದಿಂದ ಒಸಾಕಾಕ್ಕೂ ಹೆಚ್ಚುಕಮ್ಮಿ ಅಷ್ಟೇ ದೂರ, 515 ಕಿ.ಮೀ. ಹಿಡಿಯುವ ಸಮಯ ಎರಡೂವರೆ ಗಂಟೆ.

ಮೂರು ಹೆಸರು, ಮೂರು ವೇಗ

ನಮ್ಮಲ್ಲಿ ಎಕ್ಸ್‌ಪ್ರೆಸ್, ಪ್ಯಾಸೆಂಜರ್ ಅನ್ನುವ ಹಾಗೆ ಅಲ್ಲಿಯೂ ಒಂದೇ ಹಳಿಯ ಮೇಲೆ ಬೇರೆ ಬೇರೆ ರೈಲು. ಟೋಕಿಯೊ ಒಸಾಕಾ ಮಾರ್ಗದಲ್ಲಿ ಮೂರು ಹೆಸರು ನೆನಪಿಟ್ಟುಕೊಂಡರೆ ಸಾಕು.

ನೊಜೊಮಿ: ಅರ್ಥ ಭರವಸೆ. ದೊಡ್ಡ ಊರುಗಳಲ್ಲಿ ಮಾತ್ರ ನಿಲ್ಲುತ್ತದೆ. ಶಿನ್-ಒಸಾಕಾಕ್ಕೆ ಸುಮಾರು ಎರಡೂವರೆ ಗಂಟೆ.

ಹಿಕಾರಿ: ಅರ್ಥ ಬೆಳಕು. ಇನ್ನೂ ಕೆಲವು ಕಡೆ ನಿಲ್ಲುತ್ತದೆ. ಸುಮಾರು ಮೂರು ಗಂಟೆ.

ಕೊದಾಮಾ: ಅರ್ಥ ಪ್ರತಿಧ್ವನಿ. ಎಲ್ಲ ನಿಲ್ದಾಣದಲ್ಲೂ ನಿಲ್ಲುತ್ತದೆ. ಸುಮಾರು ನಾಲ್ಕು ಗಂಟೆ.

ಒಸಾಕಾದಿಂದ ಮುಂದೆ ಹಿರೋಶಿಮಾ ದಾಟಿ ಹಕಾತಾವರೆಗೆ ಮಾರ್ಗ ಹೋಗುತ್ತದೆ. ಟೋಕಿಯೊದಿಂದ ಹಿರೋಶಿಮಾಕ್ಕೆ ನೊಜೊಮಿಯಲ್ಲಿ ಸುಮಾರು ನಾಲ್ಕು ಗಂಟೆ, ಹಕಾತಾಕ್ಕೆ ಐದು. ಉತ್ತರಕ್ಕೆ ಹೋಗುವುದಾದರೆ ಹಯಾಬುಸಾ ರೈಲು ಸೆಂಡೈಗೆ ಒಂದೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ. ಪಶ್ಚಿಮ ಕರಾವಳಿಯ ಕನಾಜಾವಾಕ್ಕೆ ಕಗಯಾಕಿ ರೈಲು, ಎರಡೂವರೆ ಗಂಟೆ. ಹಯಾಬುಸಾ, ಕಗಯಾಕಿ ಎರಡರಲ್ಲೂ ಎಲ್ಲ ಸೀಟು ರಿಸರ್ವೇಶನ್. ಸೀಟು ಕಾಯ್ದಿರಿಸದೆ ಹತ್ತುವ ಬೋಗಿ ಅದರಲ್ಲಿ ಇಲ್ಲವೇ ಇಲ್ಲ.

ಪಾಸ್ ಬೇಕಾ, ಬೇಡವಾ?

ಇದೇ ಮುಖ್ಯ ಪ್ರಶ್ನೆ. ಜಪಾನ್ ರೈಲ್ ಪಾಸ್ ಅನ್ನುವುದು ಪ್ರವಾಸಿಗರಿಗೆ ಮಾತ್ರ ಸಿಗುವ ಪಾಸ್. ಇಡೀ ದೇಶದಲ್ಲಿ ಜೆಆರ್ ಕಂಪನಿಗಳ ರೈಲುಗಳಲ್ಲಿ ಓಡಾಡಬಹುದು. 2023ರ ಅಕ್ಟೋಬರ್‌ವರೆಗೆ ಏಳು ದಿನದ ಸಾಮಾನ್ಯ ಪಾಸ್‌ಗೆ 29,650 ಯೆನ್ ಇತ್ತು. ಆಗ ಕಣ್ಣು ಮುಚ್ಚಿ ತಗೊಳ್ಳಿ ಅನ್ನುವುದರಲ್ಲಿ ಅರ್ಥ ಇತ್ತು. ಆ ಅಕ್ಟೋಬರ್ 1ರಿಂದ ಅದು ಒಮ್ಮೆಲೇ 50,000 ಯೆನ್ ಆಯಿತು. 14 ದಿನದ್ದು 80,000, 21 ದಿನದ್ದು 1,00,000. ಹಳೇ ಲೆಕ್ಕವನ್ನೇ ಹೇಳುವ ವಿಡಿಯೋಗಳು, ಏಜೆಂಟರು ಇನ್ನೂ ಇದ್ದಾರೆ. ದರ ಮತ್ತೆ ಏರಬಹುದು, ಹೊರಡುವ ಮೊದಲು ಅಧಿಕೃತ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಈಗ ಬಿಡಿ ಟಿಕೆಟಿನ ಲೆಕ್ಕ ನೋಡಿ. ರಿಸರ್ವ್ ಸೀಟಿಗೆ ಒಬ್ಬರಿಗೆ ಒಂದು ಕಡೆಗೆ ಬೀಳುವ ಖರ್ಚು ಹೆಚ್ಚುಕಮ್ಮಿ ಹೀಗೆ:

ಟೋಕಿಯೊ – ಕ್ಯೋಟೊ: 14,000 ಯೆನ್
ಕ್ಯೋಟೊ – ಹಿರೋಶಿಮಾ: 11,500 ಯೆನ್
ಟೋಕಿಯೊ – ಹಿರೋಶಿಮಾ: 19,500 ಯೆನ್
ಟೋಕಿಯೊ – ಸೆಂಡೈ: 11,500 ಯೆನ್

ಟೋಕಿಯೊದಿಂದ ಕ್ಯೋಟೊಗೆ ಹೋಗಿ ಬರಲು 28,000. ಪಾಸ್‌ಗೆ 50,000. ಟೋಕಿಯೊ, ಕ್ಯೋಟೊ, ಹಿರೋಶಿಮಾ, ಮತ್ತೆ ಟೋಕಿಯೊ ಅಂತ ದೊಡ್ಡ ಸುತ್ತು ಹಾಕಿದರೂ 45,000. ಆಗಲೂ ಬಿಡಿ ಟಿಕೆಟೇ ಅಗ್ಗ. ಇದೇ ಏಳು ದಿನದೊಳಗೆ ಸೆಂಡೈಗೂ ಹೋಗಿ ಬರುತ್ತೇನೆ ಅಂದರೆ 68,000 ಆಗುತ್ತದೆ, ಆಗ ಪಾಸ್ ಲಾಭ. ಅಂದರೆ ವಾರದಲ್ಲಿ ದೂರದ ಪ್ರಯಾಣ ನಾಲ್ಕೈದು ಇದ್ದವರಿಗೆ ಮಾತ್ರ ಪಾಸ್. ಮಕ್ಕಳನ್ನು ಕಟ್ಟಿಕೊಂಡು ಅಷ್ಟು ಓಡಾಡುವುದು ಸುತ್ತಾಟವೋ ಶಿಕ್ಷೆಯೋ ನೀವೇ ಹೇಳಿ.

ನಾಲ್ಕು ಜನರ ಕುಟುಂಬಕ್ಕೆ ದಿರ್ಹಮ್‌ನಲ್ಲಿ ನೋಡೋಣ. ಮಕ್ಕಳು 6ರಿಂದ 11 ವರ್ಷದವರಾದರೆ ಅರ್ಧ ದರ, ಹಾಗಾಗಿ ಒಟ್ಟು ಮೂರು ಪೂರ್ತಿ ಟಿಕೆಟಿನ ಲೆಕ್ಕ. ಒಂದು ದಿರ್ಹಮ್‌ಗೆ 40 ಯೆನ್ ಹಿಡಿದರೆ ಪಾಸ್‌ಗೆ 3,750 ದಿರ್ಹಮ್. ಟೋಕಿಯೊ ಕ್ಯೋಟೊ ಹೋಗಿ ಬರುವ ಬಿಡಿ ಟಿಕೆಟಿಗೆ 2,100. ವ್ಯತ್ಯಾಸ 1,650 ದಿರ್ಹಮ್. ಪಾಸ್ ಇದ್ದರೆ ನಗರದೊಳಗಿನ ಜೆಆರ್ ಲೋಕಲ್ ರೈಲಿಗೂ ಆಗುತ್ತದೆ, ನಿಜ. ಆದರೆ ಲೋಕಲ್ ಟಿಕೆಟ್ ಕೆಲವು ನೂರು ಯೆನ್ ಅಷ್ಟೇ. ಅದರಿಂದ ಈ ವ್ಯತ್ಯಾಸ ತುಂಬುವುದಿಲ್ಲ.

ಪಾಸ್ ತಗೊಳ್ಳುವವರಿಗೆ ಎರಡು ಎಚ್ಚರಿಕೆ. ಒಂದು, ಪಾಸ್ ಇದ್ದರೂ ನೊಜೊಮಿ ಹತ್ತಬೇಕಾದರೆ ಮೇಲಿಂದ ದುಡ್ಡು ಕೊಡಬೇಕು. ಟೋಕಿಯೊದಿಂದ ಕ್ಯೋಟೊಗೆ ಅದೇ ಸುಮಾರು 5,000 ಯೆನ್. ಬೇಡ ಅಂದರೆ ಹಿಕಾರಿಯಲ್ಲೇ ಹೋಗಿ, ಅರ್ಧ ಗಂಟೆ ಹೆಚ್ಚು ಅಷ್ಟೇ. ಎರಡು, ಪಾಸ್‌ಪೋರ್ಟಿನಲ್ಲಿ "ತಾತ್ಕಾಲಿಕ ಸಂದರ್ಶಕ" ಅನ್ನುವ ಪ್ರವೇಶದ ಗುರುತು ಇದ್ದರೆ ಮಾತ್ರ ಪಾಸ್ ಕೈಗೆ ಕೊಡುತ್ತಾರೆ. ವಿಮಾನ ನಿಲ್ದಾಣದಿಂದ ಹೊರಗೆ ಬರುವ ಮೊದಲೇ ಎಲ್ಲರ ಪಾಸ್‌ಪೋರ್ಟ್ ತೆರೆದು ನೋಡಿಕೊಳ್ಳಿ.

ಇಡೀ ದೇಶದ ಪಾಸ್ ಅಲ್ಲದೆ ಒಂದೊಂದು ಪ್ರದೇಶಕ್ಕೆ ಸೀಮಿತವಾದ ಪಾಸ್‌ಗಳೂ ಇವೆ. ಒಸಾಕಾದಲ್ಲಿ ಉಳಿದು ಹಿಮೇಜಿ ಕೋಟೆ, ಹಿರೋಶಿಮಾ ನೋಡುವವರಿಗೆ ಕನ್ಸಾಯ್-ಹಿರೋಶಿಮಾ ಪಾಸ್ ಇಡೀ ದೇಶದ ಪಾಸ್‌ಗಿಂತ ತುಂಬಾ ಅಗ್ಗ. ಲೆಕ್ಕ ಹಾಕುವಾಗ ಅದನ್ನೂ ಪಕ್ಕದಲ್ಲಿಟ್ಟು ನೋಡಿ.

ವಿಮಾನ ಟಿಕೆಟಿನಲ್ಲೇ ಉಳಿತಾಯ

ಬುಲೆಟ್ ರೈಲಿನ ಖರ್ಚು ಕಡಿಮೆ ಮಾಡುವ ಸುಲಭ ದಾರಿ ವಿಮಾನ ಬುಕ್ ಮಾಡುವಾಗಲೇ ಇದೆ. ದುಬೈಯಿಂದ ಟೋಕಿಯೊಗೂ ಒಸಾಕಾಕ್ಕೂ ನೇರ ವಿಮಾನ ಉಂಟು. ಟೋಕಿಯೊದಲ್ಲಿ ಇಳಿದು ಒಸಾಕಾದಿಂದ ವಾಪಸ್ ಹೊರಟರೆ ಬುಲೆಟ್ ರೈಲು ಒಂದು ಕಡೆಗೆ ಮಾತ್ರ ಸಾಕು. ನಾಲ್ಕು ಜನರ ಅದೇ ಕುಟುಂಬಕ್ಕೆ 2,100 ದಿರ್ಹಮ್ ಇದ್ದದ್ದು 1,050ಕ್ಕೆ ಇಳಿಯುತ್ತದೆ. ಸಿಗುವ ಅರ್ಧ ದಿನ ಬೇರೆ. ಎರಡು ಊರಿನ ಟಿಕೆಟ್ ಬೇಕು ಅಂತ ಏಜೆಂಟರ ಹತ್ತಿರ ಕೇಳಿ, ಅವರಾಗಿ ಹೇಳಲಿಕ್ಕಿಲ್ಲ.

ವೀಸಾ ವಿಷಯ ಒಂದೇ ಮಾತಿನಲ್ಲಿ: ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ಯುಎಇ ಮತ್ತು ಸೌದಿಯಲ್ಲಿ ವಾಸದ ಪರವಾನಗಿ ಇರುವವರು ಆನ್‌ಲೈನ್ ಇ-ವೀಸಾಕ್ಕೆ ಅರ್ಜಿ ಹಾಕಬಹುದು. ಇ-ವೀಸಾವನ್ನು ವಿಮಾನ ನಿಲ್ದಾಣದಲ್ಲಿ ಫೋನಿನಲ್ಲಿ, ಇಂಟರ್ನೆಟ್ ಇರುವಾಗಲೇ ತೆರೆದು ತೋರಿಸಬೇಕು. ಸ್ಕ್ರೀನ್‌ಶಾಟ್, ಪ್ರಿಂಟ್ ನಡೆಯುವುದಿಲ್ಲ.

ಬುಲೆಟ್ ರೈಲು ವಿಮಾನ ನಿಲ್ದಾಣದ ಒಳಗೆ ಬರುವುದಿಲ್ಲ ಅನ್ನುವುದೂ ಗೊತ್ತಿರಲಿ. ಹನೇಡಾದಲ್ಲಿ ಇಳಿದವರು ಟೋಕಿಯೊ ನಿಲ್ದಾಣಕ್ಕೆ ಹೋಗಬೇಕಾಗಿಲ್ಲ. ಕೆಯ್‌ಕ್ಯು ರೈಲಿನಲ್ಲಿ ಇಪ್ಪತ್ತು ನಿಮಿಷದೊಳಗೆ ಶಿನಾಗಾವಾ ಸಿಗುತ್ತದೆ, ನೊಜೊಮಿ ಅಲ್ಲಿಯೇ ಹತ್ತಬಹುದು. ನರಿಟಾದಿಂದ ನರಿಟಾ ಎಕ್ಸ್‌ಪ್ರೆಸ್ ಟೋಕಿಯೊಗೂ ಶಿನಾಗಾವಾಕ್ಕೂ ಹೋಗುತ್ತದೆ. ಒಸಾಕಾದ ಕನ್ಸಾಯ್ ವಿಮಾನ ನಿಲ್ದಾಣಕ್ಕೆ ಕ್ಯೋಟೊ ಮತ್ತು ಶಿನ್-ಒಸಾಕಾದಿಂದ ಹರುಕಾ ರೈಲು ಇದೆ. ಇನ್ನು ಒಸಾಕಾ ನಿಲ್ದಾಣವೇ ಬೇರೆ, ಬುಲೆಟ್ ರೈಲು ನಿಲ್ಲುವ ಶಿನ್-ಒಸಾಕಾವೇ ಬೇರೆ. ಹೋಟೆಲ್ ಬುಕ್ ಮಾಡುವಾಗ ಇದನ್ನು ಗಮನಿಸಿ.

ಟಿಕೆಟ್ ತೆಗೆಯುವುದು ಹೇಗೆ

ಬುಲೆಟ್ ರೈಲಿನ ಟಿಕೆಟಿನಲ್ಲಿ ಎರಡು ಭಾಗ. ಒಂದು ಊರಿಂದ ಊರಿಗೆ ಹೋಗುವ ಮೂಲ ದರ, ಇನ್ನೊಂದು ವೇಗದ ರೈಲಿನ ಹೆಚ್ಚುವರಿ ದರ. ಕೆಲವೊಮ್ಮೆ ಎರಡು ಬೇರೆ ಬೇರೆ ಚೀಟಿ ಕೈಗೆ ಬರುತ್ತದೆ. ಗೇಟಿನಲ್ಲಿ ಎರಡನ್ನೂ ಒಟ್ಟಿಗೆ ಹಾಕಬೇಕು. ಮುಂದಿನಿಂದ ಚೀಟಿ ಹೊರಗೆ ಬರುತ್ತದೆ, ತಗೊಳ್ಳಲು ಮರೆಯಬೇಡಿ. ಇಳಿಯುವ ಊರಿನ ಗೇಟಿನಲ್ಲಿ ಮತ್ತೆ ಬೇಕು.

ಟಿಕೆಟ್ ಮೂರು ಕಡೆ ಸಿಗುತ್ತದೆ. ನಿಲ್ದಾಣದ ಕೌಂಟರ್, ಇಂಗ್ಲಿಷ್ ಗುಂಡಿ ಇರುವ ಯಂತ್ರ, ಮತ್ತು ಫೋನಿನ ಆ್ಯಪ್. ಟೋಕಿಯೊ, ಒಸಾಕಾ, ಹಿರೋಶಿಮಾ, ಹಕಾತಾ ಮಾರ್ಗಕ್ಕೆ ಸ್ಮಾರ್ಟ್ ಇಎಕ್ಸ್ ಅನ್ನುವ ಆ್ಯಪ್ ಇಂಗ್ಲಿಷಿನಲ್ಲೇ ಇದೆ, ವಿದೇಶದ ಕ್ರೆಡಿಟ್ ಕಾರ್ಡ್ ತಗೊಳ್ಳುತ್ತದೆ. ಕ್ಯೂಆರ್ ಕೋಡ್ ತೋರಿಸಿ ಗೇಟು ದಾಟಬಹುದು. ಹಯಾತೊಕು ಅನ್ನುವ ಹೆಸರಿನಲ್ಲಿ 3, 7, 21 ದಿನ ಮೊದಲು ತೆಗೆದರೆ ರಿಯಾಯಿತಿ ಇದೆ, ಸೀಟು ಕಡಿಮೆ. ಉತ್ತರದ ಸೆಂಡೈ ಕಡೆಗೆ ಎಕಿ-ನೆಟ್ ಅನ್ನುವ ಬೇರೆ ತಾಣ. ಯಂತ್ರದಲ್ಲಿ ಕಾರ್ಡ್ ಹಾಕುವವರಿಗೆ ಕಾರ್ಡಿನ ಪಿನ್ ನೆನಪಿರಬೇಕು.

ಸಾಮಾನ್ಯ ರಿಸರ್ವೇಶನ್ ಒಂದು ತಿಂಗಳ ಮೊದಲು, ಜಪಾನ್ ಸಮಯ ಬೆಳಿಗ್ಗೆ 10 ಗಂಟೆಗೆ ತೆರೆಯುತ್ತದೆ. ಅಂದರೆ ದುಬೈ, ಮಸ್ಕತ್‌ನಲ್ಲಿ ಬೆಳಗಿನ ಜಾವ 5. ರಿಯಾದ್, ದೋಹಾ, ಕುವೈತ್, ಬಹರೈನ್‌ನಲ್ಲಿ 4. ಸಾಮಾನ್ಯ ದಿನಗಳಲ್ಲಿ ಇಷ್ಟು ಬೇಗ ಏಳಬೇಕಾಗಿಲ್ಲ. ಟೋಕಿಯೊ ಒಸಾಕಾ ನಡುವೆ ಕೆಲವೇ ನಿಮಿಷಕ್ಕೊಂದು ರೈಲು ಇರುವಾಗ ಸ್ಟೇಷನ್ನಿಗೆ ಹೋಗಿ ತಗೊಂಡರೂ ಸಿಗುತ್ತದೆ.

ನಮ್ಮ ನೋಲ್ ಕಾರ್ಡಿನ ಹಾಗೆ ಅಲ್ಲಿ ಸುಯಿಕಾ, ಪಾಸ್ಮೊ, ಇಕೊಕಾ ಅನ್ನುವ ಕಾರ್ಡುಗಳಿವೆ. ಲೋಕಲ್ ರೈಲು, ಮೆಟ್ರೊ, ಬಸ್ಸು, ಅಂಗಡಿಗೆ ಬಹಳ ಉಪಯೋಗ. ಆದರೆ ಬರೀ ಆ ಕಾರ್ಡ್ ತಟ್ಟಿ ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲಿನಲ್ಲಿ ಹೋಗಲಾಗುವುದಿಲ್ಲ. ಅದಕ್ಕೆ ಬೇರೆ ಟಿಕೆಟ್ ಬೇಕೇ ಬೇಕು.

ಎಲ್ಲದಕ್ಕೂ ಬುಲೆಟ್ ರೈಲು ಬೇಡ. ಕ್ಯೋಟೊದಿಂದ ಒಸಾಕಾಕ್ಕೆ ಸಾಮಾನ್ಯ ವೇಗದ ರೈಲು ಅರ್ಧ ಗಂಟೆಯಲ್ಲಿ, 600 ಯೆನ್ ಒಳಗೆ ಮುಟ್ಟಿಸುತ್ತದೆ. ಬುಲೆಟ್ ರೈಲಿಗೆ ಹದಿನೈದು ನಿಮಿಷ, ದುಡ್ಡು ಎರಡು ಪಟ್ಟಿಗೂ ಮೇಲೆ. ನಾರಾಕ್ಕೆ ಬುಲೆಟ್ ರೈಲೇ ಇಲ್ಲ, ಕ್ಯೋಟೊದಿಂದ ಲೋಕಲ್.

ಈ ದಿನಗಳನ್ನು ತಪ್ಪಿಸಿ

ಜಪಾನಿನವರೇ ಊರಿಗೆ ಹೊರಡುವ ಮೂರು ಹಬ್ಬದ ಕಾಲ ಉಂಟು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಗೋಲ್ಡನ್ ವೀಕ್. ಆಗಸ್ಟ್ ಮಧ್ಯದಲ್ಲಿ ಒಬೊನ್, ಹಿರಿಯರನ್ನು ನೆನೆಯುವ ಹಬ್ಬ. ಆಮೇಲೆ ಡಿಸೆಂಬರ್ ಕೊನೆ, ಜನವರಿ ಮೊದಲ ವಾರ. ಗಣಪತಿ ಹಬ್ಬಕ್ಕೋ ದೀಪಾವಳಿಗೋ ಬೆಂಗಳೂರಿನ ಮೆಜೆಸ್ಟಿಕ್ ಹೇಗಿರುತ್ತದೆ, ಹಾಗೆ. ಈ ಮೂರು ಕಾಲದಲ್ಲಿ ನೊಜೊಮಿಯ ಎಲ್ಲ ಸೀಟೂ ರಿಸರ್ವೇಶನ್ ಆಗಿರುತ್ತದೆ. ಬೇರೆ ದಿನ ಕೆಲವು ಬೋಗಿ ರಿಸರ್ವೇಶನ್ ಇಲ್ಲದವರಿಗೂ ಇರುತ್ತದೆ.

ನಮ್ಮ ಸಮಸ್ಯೆ ಏನೆಂದರೆ ಗಲ್ಫಿನ ಶಾಲೆಗಳ ರಜೆಯೂ ಜುಲೈ ಆಗಸ್ಟ್, ಮತ್ತೆ ಡಿಸೆಂಬರ್ ಕೊನೆ. ಸಾಧ್ಯವಾದರೆ ಜುಲೈಯಲ್ಲೇ ಹೋಗಿ ಬನ್ನಿ. ಆಗಸ್ಟೇ ಆಗಬೇಕು ಅಂದರೆ 10ರಿಂದ 17ರ ನಡುವೆ ಊರು ಬದಲಿಸದೆ ಒಂದೇ ಕಡೆ ಇರುವ ಹಾಗೆ ಯೋಚನೆ ಮಾಡಿ. ಅದೂ ಆಗದಿದ್ದರೆ ಮೇಲೆ ಹೇಳಿದ ಬೆಳಗಿನ ಜಾವದ ಅಲಾರಂ ಇಡಲೇಬೇಕು.

ಕಾರ್ಟನ್ ಕಟ್ಟುವ ಅಭ್ಯಾಸ ಇಲ್ಲಿ ಬೇಡ

ನಾವು ಗಲ್ಫಿನವರು. ಹಗ್ಗ ಕಟ್ಟಿದ ಕಾರ್ಟನ್, ಮೇಲೆ ಮಾರ್ಕರ್‌ನಲ್ಲಿ ಹೆಸರು, ಅದರ ಜೊತೆ ದೊಡ್ಡ ಟ್ರಾಲಿ ಬ್ಯಾಗು ನಮ್ಮ ಗುರುತು. ಬುಲೆಟ್ ರೈಲಿಗೆ ಇದು ಸರಿಹೋಗುವುದಿಲ್ಲ.

ಬ್ಯಾಗಿನ ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿಸಿ. 160 ಸೆಂ.ಮೀ. ಒಳಗಿದ್ದರೆ ತೊಂದರೆ ಇಲ್ಲ, ಮೇಲಿನ ಹಲಗೆಯಲ್ಲಿ ಇಡಬಹುದು. 160ರಿಂದ 250 ಇದ್ದರೆ ಟೋಕಿಯೊದಿಂದ ಹಕಾತಾವರೆಗಿನ ಮಾರ್ಗದಲ್ಲಿ "ದೊಡ್ಡ ಲಗೇಜಿನ ಸೀಟು" ಅಂತಲೇ ಬೋಗಿಯ ಕೊನೆಯ ಸಾಲಿನಲ್ಲಿ ಕಾಯ್ದಿರಿಸಬೇಕು. ಅದಕ್ಕೆ ಹೆಚ್ಚು ದುಡ್ಡಿಲ್ಲ. ಕಾಯ್ದಿರಿಸದೆ ತಂದರೆ 1,000 ಯೆನ್ ಕಟ್ಟಬೇಕು. 250 ದಾಟಿದರೆ ಹತ್ತಿಸುವುದೇ ಇಲ್ಲ. ಮನೆಯಲ್ಲೇ ಟೇಪ್ ಹಿಡಿದು ಅಳೆದು ಹೊರಡಿ.

ಇನ್ನೊಂದು ಒಳ್ಳೆಯ ದಾರಿ ಇದೆ. ತಕ್ಯುಬಿನ್ ಅನ್ನುವ ಪಾರ್ಸೆಲ್ ಸೇವೆ. ಟೋಕಿಯೊ ಹೋಟೆಲಿನ ರಿಸೆಪ್ಷನ್ನಿನಲ್ಲಿ ದೊಡ್ಡ ಬ್ಯಾಗು ಕೊಟ್ಟರೆ ಸಾಮಾನ್ಯವಾಗಿ ಮರುದಿನ ಕ್ಯೋಟೊ ಹೋಟೆಲಿಗೆ ಬಂದಿರುತ್ತದೆ. ಬ್ಯಾಗಿನ ಗಾತ್ರದ ಮೇಲೆ ಎರಡು ಮೂರು ಸಾವಿರ ಯೆನ್ ಆಗಬಹುದು. ಒಂದು ರಾತ್ರಿಯ ಬಟ್ಟೆ, ಔಷಧಿ, ಪಾಸ್‌ಪೋರ್ಟ್ ಕೈಯಲ್ಲಿಟ್ಟುಕೊಂಡು ಉಳಿದದ್ದು ಕಳಿಸಿಬಿಡಿ. ಮಗುವನ್ನು ಎತ್ತಿಕೊಂಡವರಿಗೆ, ಅಪ್ಪ ಅಮ್ಮನನ್ನು ಕರಕೊಂಡು ಹೋದವರಿಗೆ ಇದು ದುಡ್ಡು ಕೊಟ್ಟದ್ದಕ್ಕೆ ಸಾರ್ಥಕ.

ಪ್ಲಾಟ್‌ಫಾರ್ಮಿನಲ್ಲಿ

ನಡುವಿನ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ ಮಾತ್ರ. "ಅಪ್ಪ ನೀರು ತಗೊಂಡು ಬರ್ತೇನೆ" ಅಂತ ಇಳಿದರೆ ಕಥೆ ಮುಗಿಯಿತು. ಟಿಕೆಟಿನಲ್ಲಿ ಬೋಗಿ ಸಂಖ್ಯೆ, ಸೀಟು ಸಂಖ್ಯೆ ಇರುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಆಯಾ ಬೋಗಿಯ ಬಾಗಿಲು ಎಲ್ಲಿ ಬರುತ್ತದೆ ಅಂತ ಗುರುತು ಹಾಕಿರುತ್ತಾರೆ, ರೈಲು ಅಲ್ಲಿಯೇ ನಿಲ್ಲುತ್ತದೆ. ಹತ್ತು ನಿಮಿಷ ಮೊದಲು ಅಲ್ಲಿ ಸಾಲಿನಲ್ಲಿ ನಿಂತರೆ ಸಾಕು. ಬೋಗಿ ತಪ್ಪಿದರೆ ಗಾಬರಿ ಬೇಡ, ಯಾವ ಬಾಗಿಲಿನಿಂದಲಾದರೂ ಹತ್ತಿ ಒಳಗೆ ನಡೆದು ಹೋಗಬಹುದು.

ಟೋಕಿಯೊ ನಿಲ್ದಾಣ ಬಹಳ ದೊಡ್ಡದು. ಲೋಕಲ್ ರೈಲಿನಿಂದ ಇಳಿದು ಬುಲೆಟ್ ರೈಲಿನ ಗೇಟಿಗೆ ಹೋಗಲು ಅರ್ಧ ಗಂಟೆ ಕೈಯಲ್ಲಿಟ್ಟುಕೊಳ್ಳಿ. ಒಸಾಕಾ ಕಡೆ ಹೋಗುವ ಗೇಟು ಬೇರೆ, ಸೆಂಡೈ ಕಡೆ ಹೋಗುವ ಗೇಟು ಬೇರೆ.

ರೈಲಿನ ಒಳಗೆ

ಸಾಮಾನ್ಯ ಬೋಗಿಯಲ್ಲಿ ಒಂದು ಕಡೆ ಮೂರು ಸೀಟು, ಇನ್ನೊಂದು ಕಡೆ ಎರಡು. ಟೋಕಿಯೊ ಒಸಾಕಾ ಮಾರ್ಗದಲ್ಲಿ ಫುಜಿ ಪರ್ವತ ಕಾಣುವುದು ಎರಡು ಸೀಟಿನ ಕಡೆ. ಅಲ್ಲಿನ ಕಿಟಕಿ ಸೀಟಿನ ಅಕ್ಷರ "ಇ". ಹೋಗುವಾಗಲೂ ಬರುವಾಗಲೂ ಅದೇ ಅಕ್ಷರ ಕೇಳಿ. ಟೋಕಿಯೊ ಬಿಟ್ಟು ನಲವತ್ತು ನಲವತ್ತೈದು ನಿಮಿಷಕ್ಕೆ ಕಣ್ಣು ಕಿಟಕಿಯ ಮೇಲಿರಲಿ. ಚಳಿಗಾಲದಲ್ಲಿ ಚೆನ್ನಾಗಿ ಕಾಣುತ್ತದೆ, ಬೇಸಿಗೆಯಲ್ಲಿ ಮೋಡ ಮುಚ್ಚಿರುವುದೇ ಹೆಚ್ಚು.

ನಾಲ್ಕು ಜನ ಇದ್ದರೆ ಎರಡರ ಹಿಂದೆ ಎರಡು ಸೀಟು ತಗೊಳ್ಳಿ. ಮುಂದಿನ ಸೀಟನ್ನು ತಿರುಗಿಸಿದರೆ ಎದುರುಬದುರು ಕೂರಬಹುದು. ಫೋನಿನಲ್ಲಿ ಮಾತಾಡಬೇಕಾದರೆ ಎರಡು ಬೋಗಿ ಸೇರುವ ಜಾಗಕ್ಕೆ ಹೋಗಬೇಕು. ಸ್ಪೀಕರ್ ಹಾಕಿ ಊರಿಗೆ ವಿಡಿಯೋ ಕಾಲ್ ಮಾಡಿದರೆ ಯಾರೂ ಬಯ್ಯುವುದಿಲ್ಲ, ಆದರೆ ಇಡೀ ಬೋಗಿ ನಮ್ಮನ್ನೇ ನೋಡುತ್ತದೆ. ಸಿಗರೇಟು ಎಲ್ಲಿಯೂ ಸೇದುವ ಹಾಗಿಲ್ಲ, 2024ರಲ್ಲಿ ಇದ್ದ ಸಣ್ಣ ಕೋಣೆಗಳನ್ನೂ ತೆಗೆದುಬಿಟ್ಟರು. ಚಾರ್ಜರ್‌ಗೆ ಎರಡು ಚಪ್ಪಟೆ ಕಡ್ಡಿಯ ಪ್ಲಗ್ ಬೇಕು. ದುಬೈಯ ಮೂರು ಕಡ್ಡಿಯದು ಹೊಂದುವುದಿಲ್ಲ, ಅಡಾಪ್ಟರ್ ಇಲ್ಲಿಂದಲೇ ತಗೊಂಡು ಹೋಗಿ.

ಆರು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಸೀಟು ತಗೊಳ್ಳದಿದ್ದರೆ ಟಿಕೆಟ್ ಇಲ್ಲ. ಒಬ್ಬ ದೊಡ್ಡವರ ಜೊತೆ ಅಂತಹ ಇಬ್ಬರು ಮಕ್ಕಳು ಬರಬಹುದು. ಹಾಲುಣಿಸುವ ತಾಯಂದಿರಿಗೆ, ಹುಷಾರು ತಪ್ಪಿದವರಿಗೆ 16 ಬೋಗಿಯ ರೈಲಿನಲ್ಲಿ 11ನೇ ಬೋಗಿಯಲ್ಲಿ ಒಂದು ಕೋಣೆ ಇದೆ, ಟಿ.ಸಿ.ಯನ್ನು ಕೇಳಿದರೆ ತೆಗೆದುಕೊಡುತ್ತಾರೆ. ಗಾಲಿಕುರ್ಚಿಯ ಜಾಗವೂ ಅದೇ ಬೋಗಿಯಲ್ಲಿ.

ಬುತ್ತಿ ಯಾವುದು?

ದುಬೈ ಮೆಟ್ರೊದಲ್ಲಿ ಒಂದು ಚೂಯಿಂಗ್ ಗಮ್ ಬಾಯಿಗೆ ಹಾಕಲಿಕ್ಕೂ ಹೆದರಿ ಕೂತು ಅಭ್ಯಾಸ ಆದವರಿಗೆ ಬುಲೆಟ್ ರೈಲಿನಲ್ಲಿ ಬುತ್ತಿ ಬಿಚ್ಚಿ ಉಣ್ಣುವವರನ್ನು ಕಂಡರೆ ಆಶ್ಚರ್ಯ. ಅಲ್ಲಿ ಅದೇ ಸಂಪ್ರದಾಯ. ನಿಲ್ದಾಣದಲ್ಲಿ ಮಾರುವ ಊಟದ ಡಬ್ಬಿಗೆ ಎಕಿಬೆನ್ ಅಂತ ಹೆಸರು. ಟೋಕಿಯೊ ಒಸಾಕಾ ಮಾರ್ಗದ ಸಾಮಾನ್ಯ ಬೋಗಿಗಳಲ್ಲಿ ತಳ್ಳುಗಾಡಿ ಮಾರಾಟ 2023ರಲ್ಲಿ ನಿಂತುಹೋಗಿದೆ. ಹಾಗಾಗಿ ನೀರು, ತಿಂಡಿ ಹತ್ತುವ ಮೊದಲೇ ತಗೊಳ್ಳಿ.

ಸಸ್ಯಾಹಾರಿಗಳಿಗೂ ಹಲಾಲ್ ನೋಡುವವರಿಗೂ ಇಲ್ಲಿ ಎಚ್ಚರ ಬೇಕು. ತರಕಾರಿ ಮಾತ್ರ ಕಾಣುವ ಡಬ್ಬಿಯಲ್ಲೂ ದಾಶಿ ಅನ್ನುವ ಸಾರು ಇರುತ್ತದೆ, ಹೆಚ್ಚಾಗಿ ಮೀನಿನದು. ಅಡುಗೆಗೆ ಮಿರಿನ್ ಅನ್ನುವ ಅಕ್ಕಿಯ ಮದ್ಯವನ್ನೂ ಹಾಕುತ್ತಾರೆ. ನಾಲ್ಕು ಪದ ಬರೆದಿಟ್ಟುಕೊಳ್ಳಿ: ನಿಕು ಅಂದರೆ ಮಾಂಸ, ಬುತಾ ಹಂದಿ, ಸಕಾನಾ ಮೀನು, ತಮಾಗೊ ಮೊಟ್ಟೆ. ಬಾಳೆಹಣ್ಣು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಪೂರ್ತಿ ನಂಬಿಕೆ ಬೇಕಾದವರು ಚಪಾತಿಯೋ ಅವಲಕ್ಕಿಯೋ ಕಟ್ಟಿಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ಒಗ್ಗರಣೆಯ ವಾಸನೆ ಮಾತ್ರ ಸ್ವಲ್ಪ ಕಡಿಮೆ ಇರಲಿ.

ರೈಲು ತಪ್ಪಿದರೆ, ತಡವಾದರೆ

ಹೊರಡುವ ಮೊದಲು ಸಮಯ ಬದಲಿಸಬೇಕಾದರೆ ನಿಲ್ದಾಣದಲ್ಲಿ ತೆಗೆದ ಟಿಕೆಟನ್ನು ಒಂದು ಸಲ ಹೆಚ್ಚು ಶುಲ್ಕ ಇಲ್ಲದೆ ಬದಲಿಸಿಕೊಡುತ್ತಾರೆ. ರೈಲು ತಪ್ಪಿಹೋದರೆ, ಸಾಮಾನ್ಯ ಟಿಕೆಟಾದರೆ, ಅದೇ ದಿನ ಮುಂದಿನ ರೈಲಿನ ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಹೋಗಬಹುದು. ರಿಯಾಯಿತಿ ಟಿಕೆಟಿನ ನಿಯಮ ಬೇರೆ, ತಗೊಳ್ಳುವಾಗ ಓದಿ. ಚಂಡಮಾರುತ, ಭೂಕಂಪ, ಹಿಮದಿಂದ ರೈಲು ಎರಡು ಗಂಟೆಗಿಂತ ಹೆಚ್ಚು ತಡವಾಗಿ ಮುಟ್ಟಿದರೆ ವೇಗದ ರೈಲಿನ ಹೆಚ್ಚುವರಿ ದರ ವಾಪಸ್ ಸಿಗುತ್ತದೆ. ಟಿಕೆಟ್ ಬಿಸಾಡದೆ ಕೌಂಟರಿಗೆ ಹೋಗಿ. ಆಗಸ್ಟ್, ಸೆಪ್ಟೆಂಬರ್ ಚಂಡಮಾರುತದ ಕಾಲ. ವಾಪಸ್ ವಿಮಾನ ಇರುವ ದಿನವೇ ದೂರದ ಊರಿನಿಂದ ಬರುವ ಯೋಚನೆ ಇಟ್ಟುಕೊಳ್ಳಬೇಡಿ. ಒಂದು ದಿನ ಮೊದಲೇ ಬಂದುಬಿಡಿ.

ಏಳು ನಿಮಿಷ

ಉತ್ತರದ ಊರುಗಳಿಂದ ಟೋಕಿಯೊ ನಿಲ್ದಾಣಕ್ಕೆ ಬರುವ ರೈಲು ಮತ್ತೆ ಹೊರಡುವ ಮೊದಲು ನಿಲ್ಲುವುದು 12 ನಿಮಿಷ. ಜನ ಇಳಿಯಲು ಎರಡು, ಹತ್ತಲು ಮೂರು ಹೋದರೆ ಸ್ವಚ್ಛ ಮಾಡಲು ಉಳಿಯುವುದು ಏಳು. ಅಷ್ಟರಲ್ಲಿ ಕಸ ತೆಗೆದು, ಸೀಟು ತಿರುಗಿಸಿ, ಮೇಜು ಒರೆಸಿ, ನೆಲ ಗುಡಿಸಿ, ಕೆಲಸದವರು ಬೋಗಿಯ ಹೊರಗೆ ಸಾಲಾಗಿ ನಿಂತು ಪ್ರಯಾಣಿಕರಿಗೆ ತಲೆಬಾಗುತ್ತಾರೆ. ಇದನ್ನು ನೋಡಲಿಕ್ಕೆಂದೇ ಪ್ರವಾಸಿಗರು ನಿಲ್ಲುತ್ತಾರೆ.

ನಾವೂ ನಿಂತು ನೋಡಿದೆವು. ಗಲ್ಫಿನ ಮಾಲ್, ವಿಮಾನ ನಿಲ್ದಾಣ, ಆಸ್ಪತ್ರೆಗಳಲ್ಲಿ ಇದೇ ಕೆಲಸ ಮಾಡುವ ನಮ್ಮವರು ಎಷ್ಟೋ ಮಂದಿ ಇದ್ದಾರೆ. ಆ ಏಳು ನಿಮಿಷದ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಳಿಯುವಾಗ ಜಪಾನಿನವರು ತಮ್ಮ ಕಸವನ್ನು ತಾವೇ ತಗೊಂಡು ಬಾಗಿಲ ಪಕ್ಕದ ಡಬ್ಬಿಗೆ ಹಾಕುತ್ತಾರೆ, ಸೀಟನ್ನು ನೆಟ್ಟಗೆ ಮಾಡುತ್ತಾರೆ. ಮಕ್ಕಳಿಗೂ ಅದನ್ನು ಹೇಳಿಕೊಟ್ಟು ಇಳಿಯಿರಿ.

ಹೊರಡುವ ಮೊದಲು ಒಂದು ಹಾಳೆ ತಗೊಳ್ಳಿ. ಹೋಗುವ ಊರುಗಳನ್ನು ಬರೆಯಿರಿ, ಪಕ್ಕದಲ್ಲಿ ಬಿಡಿ ಟಿಕೆಟಿನ ದರ ಬರೆದು ಕೂಡಿಸಿ, ಕೆಳಗೆ ಪಾಸ್‌ನ ದರ ಬರೆಯಿರಿ. ಐದು ನಿಮಿಷದ ಕೆಲಸ. ನಾವು ಆ ಐದು ನಿಮಿಷ ಕೂರಲಿಲ್ಲ. ನೀವು ಕೂತು ಲೆಕ್ಕ ಹಾಕಿ.